ಯಾರೂ ತಡೆಯದ ನಾಡಿನಲ್ಲಿ ದಾರಿ ಆರಿಸುವುದು

ಸ್ಕಾಟ್ಲೆಂಡಿನ ಫೈಫ್ ಕರಾವಳಿಯಲ್ಲಿ ಈಲೀ ಅನ್ನುವ ಸಣ್ಣ ಊರಿದೆ. ಅದರ ಪಶ್ಚಿಮಕ್ಕೆ ಗಾಲ್ಫ್ ಮೈದಾನ ಮುಗಿದು ಕಿನ್‌ಕ್ರೇಗ್ ಬಂಡೆಗಳು ಶುರುವಾಗುವಲ್ಲಿ, ಕಪ್ಪು ಕಲ್ಲಿಗೆ ಜಡಿದ ಒಂದು ಸರಪಳಿ ಇಳಿಬಿದ್ದಿದೆ. ಅದರ ಕೆಳಗೆ ಬಂಡೆಯಲ್ಲೇ ಕೊರೆದ ಮೆಟ್ಟಿಲ ಗುಳಿಗಳು. ಕಡಲು ಇಳಿದಾಗ ಅವುಗಳಲ್ಲಿ ಉಪ್ಪುನೀರು ನಿಂತಿರುತ್ತದೆ, ಅಂಚಿಗೆ ಪಾಚಿ ಹಿಡಿದಿರುತ್ತದೆ. ಉಬ್ಬರ ಬಂದರೆ ಗುಳಿಗಳು ಕಾಣುವುದೇ ಇಲ್ಲ. ಇಂಥ ಎಂಟು ಸರಪಳಿಗಳನ್ನು ಒಂದಾದ ಮೇಲೊಂದು ಹಿಡಿದು, ಬಂಡೆಯ ಬುಡದಲ್ಲೇ ಸುಮಾರು ಅರ್ಧ ಕಿ.ಮೀ. ಸಾಗಿದರೆ ಶೆಲ್ ಬೇ ಕಡೆಗೆ ಹೊರಬೀಳುತ್ತೇವೆ. ಗೇಟಿಲ್ಲ, ಟಿಕೆಟ್ಟಿಲ್ಲ, ಕಾವಲಿನವರಿಲ್ಲ. ಇರುವುದು ಎಚ್ಚರಿಕೆಯ ಫಲಕ ಮಾತ್ರ.

ಸ್ಕಾಟ್ಲೆಂಡಿನಲ್ಲಿ ಕಾಲ್ನಡಿಗೆ ಅಂದರೆ ಬಹುಮಟ್ಟಿಗೆ ಹೀಗೆಯೇ. ಅಲ್ಲಿನ 2003ರ ಭೂಸುಧಾರಣಾ ಕಾಯ್ದೆಯಡಿ, 2005ರ ಫೆಬ್ರವರಿಯಿಂದ, ಯಾರು ಬೇಕಾದರೂ ಬೆಟ್ಟ, ಕಾಡು, ಹುಲ್ಲುಗಾವಲು, ಕಡಲತೀರಗಳಲ್ಲಿ ಅನುಮತಿ ಕೇಳದೆ ನಡೆಯಬಹುದು. ಮನೆಗಳ ಹಿತ್ತಿಲು ಮತ್ತು ಕಟ್ಟಡಗಳಿಗೆ ಈ ಹಕ್ಕು ಅನ್ವಯಿಸುವುದಿಲ್ಲ. ಬೆಳೆ ನಿಂತ ಹೊಲವಾದರೆ ಬದುವಿನ ಮೇಲೆ ನಡೆಯಬೇಕು, ತೆರೆದ ಗೇಟನ್ನು ಇದ್ದ ಹಾಗೆಯೇ ಬಿಡಬೇಕು. ಕುಮಾರ ಪರ್ವತಕ್ಕೆ ಅರಣ್ಯ ಇಲಾಖೆಯ ಅನುಮತಿ ಪಡೆದು ಹೋಗಿ ಅಭ್ಯಾಸವಾದವರಿಗೆ ಇದು ದೊಡ್ಡ ಬಿಡುಗಡೆ ಅನ್ನಿಸುತ್ತದೆ. ಆದರೆ ನಡೆಯುವ ಹಕ್ಕಿದೆ ಅಂದ ಮಾತ್ರಕ್ಕೆ ನಡೆಯಲು ದಾರಿಯಿದೆ ಎಂದಲ್ಲ. ಇಂದು ಹೋಗಬೇಡಿ ಎನ್ನುವ ಕೆಲಸವನ್ನು ನಮ್ಮ ಕೈಯಲ್ಲಿರುವ ನಕ್ಷೆ, ಪುಸ್ತಕ ಮತ್ತು ಉಬ್ಬರದ ಪಟ್ಟಿಯೇ ಮಾಡಬೇಕು.

ಒಂದು ಉದಾಹರಣೆ ಸಾಕು. ಕೇರ್ನ್‌ಗಾರ್ಮ್ ಬೆಟ್ಟಗಳ ಬುಡದಲ್ಲಿ ಲೇರಿಗ್ ಗ್ರೂ ಕಣಿವೆದಾರಿಯನ್ನು ತೋರಿಸುವ ಫಲಕಗಳಿವೆ. ಮುಂದಿರುವುದು ಸುಮಾರು 30 ಕಿ.ಮೀ. ನಡಿಗೆ. ಅದು 835 ಮೀಟರ್ ಎತ್ತರಕ್ಕೆ ಏರುತ್ತದೆ, ತುದಿಯಲ್ಲಿ ಕಾಲುದಾರಿ ಬಂಡೆಗಲ್ಲುಗಳ ರಾಶಿಯೊಳಗೆ ಕರಗಿಹೋಗುತ್ತದೆ. ಇಷ್ಟನ್ನೆಲ್ಲ ಫಲಕ ಹೇಳಲಾರದು, ಒಳ್ಳೆಯ ಪುಸ್ತಕ ಹೇಳುತ್ತದೆ.

ಮೊದಲ ಸಲ ಹೋಗುವವರು ಗುರುತು ಹಾಕಿದ ದಾರಿಗಳಿಂದಲೇ ಶುರುಮಾಡುವುದು ಒಳ್ಳೆಯದು. ಮಿಲ್ನ್‌ಗೇವಿ ಎಂದು ಬರೆದು 'ಮಲ್‌ಗೈ' ಎಂದು ಕರೆಯುವ ಊರಿನಿಂದ ಫೋರ್ಟ್ ವಿಲಿಯಂವರೆಗಿನ ವೆಸ್ಟ್ ಹೈಲ್ಯಾಂಡ್ ವೇ 154 ಕಿ.ಮೀ., 1980ರಲ್ಲಿ ತೆರೆದದ್ದು. ಕಿನ್‌ಕಾರ್ಡಿನ್‌ನಿಂದ ನ್ಯೂಬರ್ಗ್‌ವರೆಗಿನ ಫೈಫ್ ಕರಾವಳಿ ದಾರಿ ಸುಮಾರು 187 ಕಿ.ಮೀ. ಇವುಗಳಲ್ಲಿ ಒಂದೆರಡು ದಿನದ ತುಂಡನ್ನು ಆರಿಸಿಕೊಳ್ಳಬಹುದು. ಸ್ಕೈ ಟ್ರೇಲ್, ಕೇಪ್ ರಾತ್ ಟ್ರೇಲ್‌ಗಳ ಹೆಸರು ಕೇಳಿ ಮರುಳಾಗಬೇಡಿ. ಅವು ಹೆಸರಿಗೆ ಟ್ರೇಲ್, ನೆಲದ ಮೇಲೆ ಗುರುತಿನ ಕಂಬಗಳಿಲ್ಲ. ಮಂಜಿನಲ್ಲಿ ದಿಕ್ಸೂಚಿ ಹಿಡಿದು ನಡೆಯಬಲ್ಲವರಿಗೆ, ತುಂಬಿದ ಹಳ್ಳದ ಮುಂದೆ ನಿಂತು ಹಿಂದಿರುಗುವ ತಾಳ್ಮೆ ಇರುವವರಿಗೆ ಮಾತ್ರ ಅವು ಸಲ್ಲುತ್ತವೆ.

ನಕ್ಷೆಯ ವಿಷಯ. ಆರ್ಡ್‌ನೆನ್ಸ್ ಸರ್ವೆ ಅನ್ನುವ ಬ್ರಿಟನ್ನಿನ ಸರಕಾರಿ ನಕ್ಷೆ ಸಂಸ್ಥೆಯವರು ಎರಡು ಬಗೆಯ ಹಾಳೆಗಳನ್ನು ಮಾರುತ್ತಾರೆ. ಗುಲಾಬಿ ಹೊದಿಕೆಯ ಲ್ಯಾಂಡ್‌ರೇಂಜರ್ 1:50,000, ಅಂದರೆ 2 ಸೆಂ.ಮೀ.ಗೆ ಒಂದು ಕಿ.ಮೀ. ಕಿತ್ತಳೆ ಹೊದಿಕೆಯ ಎಕ್ಸ್‌ಪ್ಲೋರರ್ 1:25,000, ಅಂದರೆ 4 ಸೆಂ.ಮೀ.ಗೆ ಒಂದು ಕಿ.ಮೀ. ಎರಡರಲ್ಲೂ ಚೌಕ ಒಂದು ಕಿ.ಮೀ.ನದೇ. ದೂರದ ಬೆಟ್ಟಸಾಲುಗಳ ಒಟ್ಟು ನೋಟಕ್ಕೆ ಮೊದಲನೆಯದು ಸಾಕು. ಕರಾವಳಿಗೂ ಬಯಲಿಗೂ ಎರಡನೆಯದೇ ಬೇಕು, ಏಕೆಂದರೆ ಹೊಲದ ಗೋಡೆ, ಬೇಲಿಗಳು ಅದರಲ್ಲಿ ಮಾತ್ರ ಇರುತ್ತವೆ. ಗೋಡೆಯ ಯಾವ ಬದಿಯಲ್ಲಿ ದಾರಿ ಇದೆ ಅನ್ನುವುದು ತಪ್ಪಿದರೆ ಮುಂದಿನ ಗೇಟಿಗಾಗಿ ಅರ್ಧ ಗಂಟೆ ಅಲೆಯಬೇಕಾಗುತ್ತದೆ. ಬೆಟ್ಟಕ್ಕೆ ಹೊರಟವರು ಹಾರ್ವಿ ಕಂಪನಿಯ ನಕ್ಷೆಗಳನ್ನೂ ನೋಡಬಹುದು. ನೀರಿಗೆ ಹರಿಯದ ಹಾಳೆ, ಓದಲು ಸ್ಪಷ್ಟ. ಒಂದು ಮಾತು ಮಾತ್ರ ನೆನಪಿರಲಿ: ಆರ್ಡ್‌ನೆನ್ಸ್ ಸರ್ವೆಯ ಬೆಟ್ಟದ ಹಾಳೆಗಳಲ್ಲಿ ಎತ್ತರದ ಗೆರೆಗಳ ನಡುವಿನ ಅಂತರ 10 ಮೀಟರ್, ಹಾರ್ವಿಯಲ್ಲಿ 15 ಮೀಟರ್. ಒಂದಕ್ಕೆ ಒಗ್ಗಿದ ಕಣ್ಣು ಇನ್ನೊಂದರಲ್ಲಿ ಕಡಿದಾದ ಇಳಿಜಾರನ್ನು ಸೌಮ್ಯವೆಂದು ಓದಿಬಿಡುತ್ತದೆ.

ಕಡಲಂಚಿನ ನಡಿಗೆಯಲ್ಲಿ ನಕ್ಷೆಯ ಒಂದು ಗೆರೆಯನ್ನು ತಪ್ಪದೆ ಹುಡುಕಬೇಕು: ಉಬ್ಬರದ ಗೆರೆ. ಸ್ಕಾಟ್ಲೆಂಡಿನ ಹಾಳೆಗಳಲ್ಲಿ ಅದು ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನ ದೊಡ್ಡ ಉಬ್ಬರಗಳ ಸರಾಸರಿ ಮಟ್ಟ. ಕಾಲುದಾರಿಯ ಚುಕ್ಕೆಗೆರೆ ಅದರ ಒಳಬದಿಗಿದ್ದರೆ ಚಿಂತೆಯಿಲ್ಲ. ಅದನ್ನು ದಾಟಿ ಕಡಲ ಕಡೆಗೆ ಹೋಗಿದ್ದರೆ ಆ ತುಂಡು ದಿನಕ್ಕೆರಡು ಸಲ ನೀರಿನಡಿ ಹೋಗುತ್ತದೆ ಎಂದೇ ಲೆಕ್ಕ. ಮನೆಯಲ್ಲಿ ಕೂತೇ ಅಂಥ ಜಾಗಗಳಿಗೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿಟ್ಟುಕೊಳ್ಳಿ.

ಈ ನಕ್ಷೆಗಳಿಗೂ ನಮಗೂ ಒಂದು ನಂಟಿದೆ. ಸ್ಕಾಟಿಷ್ ಬಂಡುಕೋರರು ಸೋತ 1746ರ ಕಲೋಡನ್ ಕಾಳಗದ ನಂತರ, 1747ರಿಂದ ಸೇನೆಗಾಗಿ ಸ್ಕಾಟ್ಲೆಂಡಿನ ಬೆಟ್ಟನಾಡಾದ ಹೈಲ್ಯಾಂಡ್ಸ್‌ನ ಮೋಜಣಿ ನಡೆಸಿದ ವಿಲಿಯಂ ರಾಯ್ ಅವರ ಕೆಲಸವೇ ಆರ್ಡ್‌ನೆನ್ಸ್ ಸರ್ವೆಯ ಬೇರು. ಅದೇ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೊವೇಯಲ್ಲಿ ಹುಟ್ಟಿದ ಕಾಲಿನ್ ಮೆಕೆಂಜಿ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆದರು. ನಮ್ಮ ಊರೂರಿನ ಕೈಫಿಯತ್ತುಗಳನ್ನು, ಅಂದರೆ ಸ್ಥಳೀಯ ಇತಿಹಾಸದ ದಾಖಲೆಗಳನ್ನು, ಬರೆಸಿಟ್ಟವರೂ ಅವರೇ. ಸ್ಟಾರ್ನೊವೇವರೆಗೆ ಹೋಗುವ ಕನ್ನಡಿಗರು ಇದನ್ನು ನೆನೆದು ನಡೆಯಲಿ.

ಇನ್ನು ಪುಸ್ತಕ. ಅಂಗಡಿಯಲ್ಲಿ ಗೈಡ್‌ಬುಕ್ ಕೈಗೆತ್ತಿಕೊಂಡರೆ ಚಿತ್ರಗಳನ್ನು ಬಿಟ್ಟು ಮೊದಲು ಮುದ್ರಣದ ವರ್ಷ ನೋಡಿ. ಹಳ್ಳದ ಮೇಲಿನ ಮರದ ಸೇತುವೆ ಒಂದು ಚಳಿಗಾಲದಲ್ಲಿ ಕೊಚ್ಚಿಹೋಗುತ್ತದೆ. ನೆಡುತೋಪುಗಳಲ್ಲಂತೂ ಮರ ಕಡಿಯಲು ಹೊಸ ಲಾರಿದಾರಿಗಳು ಹುಟ್ಟಿಕೊಳ್ಳುತ್ತವೆ. 'ಎರಡನೆಯ ಕವಲಿನಲ್ಲಿ ಎಡಕ್ಕೆ' ಎಂದು ಪುಸ್ತಕ ಹೇಳಿದ್ದರೆ, ನೆಲದ ಮೇಲೆ ಅದೀಗ ಮೂರನೆಯ ಕವಲಾಗಿರುತ್ತದೆ. ಕಾಡಿನಲ್ಲಿ ದಾರಿ ತಪ್ಪಿಸುವ ಸಂಗತಿಗಳಲ್ಲಿ ಇದು ಮುಖ್ಯವಾದದ್ದು. ಹಾಗಾಗಿ ಕವಲುಗಳನ್ನು ಎಣಿಸಿ ಹೇಳುವ ಪುಸ್ತಕಕ್ಕಿಂತ, ನಕ್ಷೆಯ ಚೌಕದ ಅಂಕಿಗಳನ್ನು ಕೊಡುವ ಪುಸ್ತಕ ಮೇಲು. ಎರಡು ಅಕ್ಷರ, ಆರು ಅಂಕಿ ಇದ್ದರೆ ನೂರು ಮೀಟರಿನೊಳಗೆ ಜಾಗ ಸಿಗುತ್ತದೆ.

ಆಮೇಲೆ ನಿಮಗೆ ಗೊತ್ತಿರುವ ಯಾವುದಾದರೂ ಒಂದು ದಾರಿಯ ಪುಟ ತೆರೆದು, ಅದು ಕೆಟ್ಟದ್ದನ್ನು ಹೇಳುತ್ತದೆಯೇ ನೋಡಿ. ಜೌಗು ಎಲ್ಲಿ, ಮಳೆ ಬಂದರೆ ಯಾವ ಹಳ್ಳ ದಾಟಲಾಗದು, ನಡುವೆ ಬಿಟ್ಟುಬರಬೇಕಾದರೆ ಯಾವ ಊರಿಗೆ ಇಳಿಯಬೇಕು, ಅಲ್ಲಿ ಬಸ್ಸು ಇದೆಯೇ. ಬರೀ 'ಮನಮೋಹಕ ನೋಟ' ಎಂದು ಬರೆದಿರುವ ಪುಸ್ತಕವನ್ನು ಅಲ್ಲೇ ಇಟ್ಟುಬಿಡಿ. ಸಿಸೆರೋನ್ ಪ್ರಕಾಶನದ ಪುಸ್ತಕಗಳು ದಾರಿಯ ವಿವರಣೆಗೆ ಒಳ್ಳೆಯವು. ಅವರ ವೆಸ್ಟ್ ಹೈಲ್ಯಾಂಡ್ ವೇ ಪುಸ್ತಕದ ಜೊತೆ ಪ್ರತ್ಯೇಕ ನಕ್ಷೆಯ ಕಿರುಪುಸ್ತಕವೂ ಬರುತ್ತದೆ. ಟ್ರೇಲ್‌ಬ್ಲೇಜರ್‌ನವರದು ಕೈಯಲ್ಲಿ ಬರೆದಂಥ ನಕ್ಷೆಗಳು, ಅಂಚಿನಲ್ಲಿ ನಡಿಗೆಯ ಹೊತ್ತು. ಅದು ಬರೀ ನಡಿಗೆಯ ಹೊತ್ತು, ಊಟ ವಿಶ್ರಾಂತಿ ಸೇರಿಲ್ಲ. ವಾಕ್‌ಹೈಲ್ಯಾಂಡ್ಸ್ ಜಾಲತಾಣ ಪ್ರತಿ ದಾರಿಗೂ ಕಷ್ಟಕ್ಕೊಂದು, ಜೌಗಿಗೊಂದು ಅಂಕ ಕೊಡುತ್ತದೆ. ಜೌಗಿನ ಅಂಕ ಮೂರು ದಾಟಿದರೆ ಬೂಟಿನೊಳಗೆ ನೀರು ಬಂದೇ ಬರುತ್ತದೆ, ಎರಡನೆಯ ಜೊತೆ ಕಾಲುಚೀಲ ಇಟ್ಟುಕೊಳ್ಳಿ. ದಾರಿಯನ್ನಷ್ಟೇ ಉದ್ದಕ್ಕೆ ಕತ್ತರಿಸಿ ತೋರಿಸುವ ಪಟ್ಟಿನಕ್ಷೆಗಳು ಹಗುರ, ಆದರೆ ಪಕ್ಕದ ಕಣಿವೆ ಅದರಲ್ಲಿ ಇರುವುದಿಲ್ಲ. ತಪ್ಪಿಸಿಕೊಂಡು ಬರಬೇಕಾದಾಗ ಬೇಕಾಗುವುದು ಆ ಪಕ್ಕದ ಕಣಿವೆಯೇ.

ಹೊತ್ತಿನ ಲೆಕ್ಕಕ್ಕೆ ಎಲ್ಲರೂ ಹಿಡಿಯುವುದು 1892ರಲ್ಲಿ ವಿಲಿಯಂ ನೇಸ್ಮಿತ್ ಎಂಬ ಸ್ಕಾಟಿಷ್ ಪರ್ವತಾರೋಹಿ ಹಾಕಿಕೊಟ್ಟ ಸೂತ್ರ. ಇವತ್ತಿನ ಅಳತೆಯಲ್ಲಿ ಹೇಳುವುದಾದರೆ ಗಂಟೆಗೆ 5 ಕಿ.ಮೀ., ಅದರ ಮೇಲೆ ಪ್ರತಿ 100 ಮೀಟರ್ ಏರಿಗೆ 10 ನಿಮಿಷ. ಒಳ್ಳೆಯ ಬೆಟ್ಟದ ದಾರಿಯಲ್ಲಿ ಇದು ಸರಿಹೋಗುತ್ತದೆ. ಆದರೆ ಸೂತ್ರ ಏರನ್ನು ಎಣಿಸುತ್ತದೆಯೇ ಹೊರತು ಕಾಲಡಿಯ ಕಲ್ಲನ್ನು ಎಣಿಸುವುದಿಲ್ಲ. ಲೋಮಂಡ್ ಸರೋವರದ ಪೂರ್ವದಂಡೆಯಲ್ಲಿ ಇನ್ವರ್‌ಸ್ನೇಡ್‌ನಿಂದ ಇನ್ವರಾರ್ನನ್‌ವರೆಗಿನ ತುಂಡು ಹತ್ತು ಕಿ.ಮೀ. ಚಿಲ್ಲರೆ. ನಕ್ಷೆಯಲ್ಲಿ ನೀರಿನ ಪಕ್ಕದ ಮಟ್ಟಸ ದಾರಿ, ಸೂತ್ರದ ಪ್ರಕಾರ ಎರಡು ಗಂಟೆ ಸಾಕು. ನೆಲದಲ್ಲಿ ಬೇರು, ಬಂಡೆ, ಜಾರುವ ಕೆಸರು. ಮೂರು ಗಂಟೆಯ ಮೇಲೆಯೇ ಹಿಡಿಯುತ್ತದೆ. ಕಡಲಂಚಿನ ಉರುಟು ಕಲ್ಲುಗಳ ಮೇಲೂ ಇದೇ ಗತಿ. ಅದೇ ಸರೋವರದ ದಂಡೆಯಲ್ಲಿ ಡೇರೆ ಹಾಕುವವರು ಮಾರ್ಚ್ 1ರಿಂದ ಸೆಪ್ಟೆಂಬರ್ 30ರವರೆಗೆ ನಿಗದಿತ ವಲಯಗಳಲ್ಲಿ ರಾಷ್ಟ್ರೀಯ ಉದ್ಯಾನದ ಪರವಾನಗಿ ಪಡೆದಿರಬೇಕು.

ಎಲ್ಲಕ್ಕಿಂತ ಹೆಚ್ಚು ಮನಸ್ಸಿಟ್ಟು ಕಲಿಯಬೇಕಾದದ್ದು ಉಬ್ಬರದ ಪಟ್ಟಿ. ಗೋಕರ್ಣದಿಂದ ಕುಮಟಾಕ್ಕೆ ಕಡಲಗುಂಟ ನಡೆದವರಿಗೆ ಉಬ್ಬರ-ಇಳಿತ ಹೊಸದಲ್ಲ, ಆದರೆ ನಮ್ಮಲ್ಲಿ ಅವುಗಳ ಅಂತರ ಒಂದೂವರೆ-ಎರಡು ಮೀಟರ್. ಈಲೀ ಇರುವ ಫೋರ್ತ್ ಕೊಲ್ಲಿಯಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ ಅದು ಸುಮಾರು ಐದು ಮೀಟರ್, ಎರಡು ಆಳಿನೆತ್ತರಕ್ಕಿಂತಲೂ ಹೆಚ್ಚು. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ನಿನ್ನೆಯ ಹೊತ್ತನ್ನು ಇವತ್ತು ನಂಬುವಂತಿಲ್ಲ.

ಮೋಸ ಹೋಗುವುದು ಗಡಿಯಾರದಲ್ಲಿ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಬ್ರಿಟನ್ನಿನ ಗಡಿಯಾರ ಗ್ರೀನಿಚ್ ಸಮಯಕ್ಕಿಂತ ಒಂದು ಗಂಟೆ ಮುಂದಿರುತ್ತದೆ. ಕೆಲವು ಪಟ್ಟಿಗಳು ಗ್ರೀನಿಚ್ ಸಮಯದಲ್ಲೇ ಇರುತ್ತವೆ, ಅವಕ್ಕೆ ಒಂದು ಗಂಟೆ ಸೇರಿಸಬೇಕು. ಸೇರಿಸಲು ಮರೆತರೆ ನೀರು ಇಳಿಯುವ ಮುಂಚೆಯೇ ಹೋಗಿ ಕಾಯಬೇಕಾಗುತ್ತದೆ, ಅಷ್ಟೇ. ಅಪಾಯ ಇರುವುದು ಇದರ ತಿರುವುಮುರುವಿನಲ್ಲಿ: ಬೇಸಿಗೆ ಸಮಯಕ್ಕೆ ಆಗಲೇ ತಿದ್ದಿರುವ ಪಟ್ಟಿಗೆ ಇನ್ನೊಂದು ಗಂಟೆ ಸೇರಿಸಿದರೆ, ಇಲ್ಲದ ಒಂದು ಗಂಟೆಯನ್ನು ನಂಬಿ ಕೂರುತ್ತೀರಿ. ಪಟ್ಟಿಯ ತಲೆಬರಹವನ್ನು ಎರಡು ಸಲ ಓದಿ. ಎಡಿನ್‌ಬರೋ ಪಕ್ಕದ ಕ್ರಾಮಂಡ್ ದ್ವೀಪಕ್ಕೆ ಇಳಿತದ ಹಿಂದೆ ಮುಂದೆ ಎರಡೆರಡು ಗಂಟೆ ಮಾತ್ರ ಕಾಲುದಾರಿ ತೆರೆದಿರುತ್ತದೆ. ಅಲ್ಲಿ ಸಿಕ್ಕಿಕೊಂಡವರನ್ನು ಲೈಫ್‌ಬೋಟ್‌ನವರು ಮತ್ತೆ ಮತ್ತೆ ಕರೆತರುತ್ತಲೇ ಇದ್ದಾರೆ. 81400ಕ್ಕೆ ಕ್ರಾಮಂಡ್ ಎಂದು ಇಂಗ್ಲಿಷಿನಲ್ಲಿ ಮೆಸೇಜ್ ಕಳಿಸಿದರೆ ಆ ದಿನದ ಸುರಕ್ಷಿತ ಹೊತ್ತು ಬರುತ್ತದೆ.

ಈಗ ಈಲೀಯಿಂದ ಹೊರಡಬಹುದು. ಸರಪಳಿ ದಾರಿಗೆ ನೀರು ಇನ್ನೂ ಇಳಿಯುತ್ತಿರುವಾಗಲೇ ಕೈಹಾಕಬೇಕು, ಏರುತ್ತಿರುವಾಗ ಬೇಡ. ನಡುವೆ ಬಂಡೆ ಹತ್ತಿ ತಪ್ಪಿಸಿಕೊಳ್ಳುವ ಜಾಗವಿಲ್ಲ. ಅಲೆ ಜೋರಿದ್ದರೆ, ಜೊತೆಗೆ ಪುಟ್ಟ ಮಕ್ಕಳಿದ್ದರೆ, ಮೇಲಿನ ಗುಡ್ಡದ ಮೇಲೆ ಹೋಗುವ ಅಧಿಕೃತ ದಾರಿಯೇ ಸರಿ.

ಈಲೀಯಿಂದ ಕ್ರೇಲ್ ಮೂಲಕ ಸೇಂಟ್ ಆಂಡ್ರೂಸ್‌ವರೆಗೆ, ಪೂರ್ವಕ್ಕೆ, ಆಮೇಲೆ ವಾಯವ್ಯಕ್ಕೆ ನಡೆಯುವುದು ಲೇಸು. ಇಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುವುದರಿಂದ ಪೂರ್ವಕ್ಕೆ ಸಾಗುವಷ್ಟು ದೂರ ಬೆನ್ನಿಗೆ ಬರುತ್ತದೆ. ಉಳಿದುಕೊಳ್ಳುವುದು ಸೇಂಟ್ ಆಂಡ್ರೂಸ್‌ನಲ್ಲಾದರೆ ಬೆಳಿಗ್ಗೆಯೇ ಬಸ್ಸು ಹಿಡಿದು ದೂರದ ತುದಿಗೆ ಹೋಗಿ, ಅಲ್ಲಿಂದ ಉಳಿದ ಮನೆಯತ್ತ ನಡೆದು ಬನ್ನಿ. ಸಂಜೆಯ ಕೊನೆಯ ಬಸ್ಸಿಗಾಗಿ ಬಂಡೆಗಳ ಮೇಲೆ ಓಡುವ ಪ್ರಸಂಗ ಬರುವುದಿಲ್ಲ.

ಈಲೀಯಿಂದ ಕ್ರೇಲ್‌ವರೆಗೆ ಸುಮಾರು 16 ಕಿ.ಮೀ., ಸಲೀಸು. ಸೇಂಟ್ ಮೊನನ್ಸ್‌ನಲ್ಲಿ ಕಡಲಿಗೆ ಒತ್ತಿಕೊಂಡೇ ನಿಂತಿರುವ ಹಳೆಯ ಚರ್ಚಿನ ಬುಡದಲ್ಲಿ ದೊಡ್ಡ ಉಬ್ಬರಕ್ಕೆ ದಾರಿ ಮುಳುಗುತ್ತದೆ, ಬದಲಿ ದಾರಿಗೆ ಫಲಕವಿದೆ. ಊರು ದಾಟಿದರೆ ಉಪ್ಪು ಕಾಯಿಸುತ್ತಿದ್ದ ಕಾಲದ ಗಾಳಿಗಿರಣಿ. ಪಿಟನ್‌ವೀಮ್, ಆನ್‌ಸ್ಟ್ರದರ್ ಎರಡೂ ಮೀನುಗಾರರ ಊರುಗಳು, ಊಟಕ್ಕೆ, ನೀರು ತುಂಬಿಕೊಳ್ಳಲು ಇಲ್ಲೇ ನಿಲ್ಲಿ.

ಕ್ರೇಲ್‌ನಿಂದ ಸೇಂಟ್ ಆಂಡ್ರೂಸ್ ಬೇರೆಯದೇ ಲೆಕ್ಕ. ದೂರ 21 ಕಿ.ಮೀ. ಆಸುಪಾಸು. ಸೂತ್ರ ನಾಲ್ಕೂಕಾಲು ಗಂಟೆ ಎನ್ನುತ್ತದೆ, ನೀವು ಆರೂವರೆ-ಏಳು ಗಂಟೆ ಇಟ್ಟುಕೊಳ್ಳಿ. ಫೈಫ್ ನೆಸ್ ಭೂಶಿರ, ಕಿಂಗ್ಸ್‌ಬಾರ್ನ್ಸ್ ಮರಳದಂಡೆ ದಾಟಿ ಕೆನ್ಲಿ ಹೊಳೆಯವರೆಗಿನ ಸುಮಾರು 13 ಕಿ.ಮೀ. ಹಗುರ. ಅಲ್ಲಿ ದಾರಿ ಹೊಳೆಯಗುಂಟ ಒಳನಾಡಿಗೆ ತಿರುಗಿ, ಬೋರ್‌ಹಿಲ್ಸ್ ಬಳಿಯಿಂದ ಮತ್ತೆ ಕಡಲಿಗೆ ಬರುತ್ತದೆ. ಕಷ್ಟ ಇರುವುದು ಉಳಿದ ಎಂಟು ಕಿ.ಮೀ.ನಲ್ಲಿ: ಕಡಿದಾದ ಮೆಟ್ಟಿಲು ಏರಿಳಿತ, ನಡುನಡುವೆ ಉಬ್ಬರಕ್ಕೆ ಮುಳುಗುವ ಕಲ್ಲಿನ ದಂಡೆ. ಆದ್ದರಿಂದ ಹೊರಡುವ ಹೊತ್ತನ್ನು ಹಿಂದಿನಿಂದ ಲೆಕ್ಕ ಹಾಕಿ. ಇಳಿತ ಮಧ್ಯಾಹ್ನ 2ಕ್ಕಿದ್ದರೆ ಕ್ರೇಲ್ ಬಿಡುವುದು 9ಕ್ಕೆ. ಹನ್ನೆರಡೂ ಮುಕ್ಕಾಲರ ಹೊತ್ತಿಗೆ ಕೆನ್ಲಿ ಹೊಳೆ, ಅಲ್ಲಿಂದ ಮೂರು ಗಂಟೆ. ಮುಳುಗುವ ದಂಡೆಗಳೆಲ್ಲ ನೀರು ಕೆಳಗಿರುವಾಗಲೇ ದಾಟುತ್ತವೆ. ಇಳಿತ ಬೆಳಿಗ್ಗೆ 8ಕ್ಕಿದ್ದರೆ ಆ ದಿನ ಈ ತುಂಡು ಬೇಡ, ಈಲೀ-ಕ್ರೇಲ್ ನಡೆಯಿರಿ. ಡಿಸೆಂಬರಿನಲ್ಲಿ ಹಗಲು ಏಳು ಗಂಟೆ ಮಾತ್ರ, ಆಗಲೂ ಬೇಡ.

ವಸಂತ, ಬೇಸಿಗೆಗಳಲ್ಲಿ ಪೂರ್ವದ ಗಾಳಿ ಬಂದರೆ ಇಲ್ಲಿನವರು 'ಹಾರ್' ಎನ್ನುವ ಕಡಲಮಂಜು ಕವಿಯುತ್ತದೆ. ಒಳನಾಡಿನಲ್ಲಿ ಬಿಸಿಲಿದ್ದರೂ ದಂಡೆಯಲ್ಲಿ ಮುಂದಿನ ಬಂಡೆ ಕಾಣದು, ಬೆಚ್ಚನೆಯ ಅಂಗಿ ಚೀಲದಲ್ಲಿರಲಿ. ಎತ್ತರದ ಹುಲ್ಲಿನಲ್ಲಿ ನಡೆದ ದಿನ ರಾತ್ರಿ ಮೊಣಕಾಲಿನ ಹಿಂಬದಿ, ತೊಡೆಸಂದುಗಳಲ್ಲಿ ಉಣ್ಣೆ ಕಚ್ಚಿದೆಯೇ ನೋಡಿಕೊಳ್ಳಿ. ಲೈಮ್ ಕಾಯಿಲೆ ಹರಡುವುದು ಅದರಿಂದಲೇ. ಕಡಲಂಚಿನಲ್ಲಿ ಸಿಕ್ಕಿಕೊಂಡರೆ 999ಕ್ಕೆ ಕರೆಮಾಡಿ ಕೋಸ್ಟ್‌ಗಾರ್ಡ್ ಎಂದು ಕೇಳಿ. ಬೆಟ್ಟದಲ್ಲಾದರೆ ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ.

ಕೆನ್ಲಿ ಹೊಳೆ ಬಿಟ್ಟ ಮೇಲೆ ಬಡ್ಡೋ ರಾಕ್ ಎಂಬ ಮರಳುಗಲ್ಲಿನ ಗುಂಡು ದಾಟಿ ಮುಂದೆ ಹೋದರೆ ಕಡಲಂಚಿನಲ್ಲಿ ಎರಡು ಕಲ್ಲುಗಳು ಕಾಣಿಸುತ್ತವೆ. ಹೆಸರು ರಾಕ್ ಆ್ಯಂಡ್ ಸ್ಪಿಂಡಲ್, ಹಳೆಯ ಜ್ವಾಲಾಮುಖಿಯ ಉಳಿಕೆ. ಚಿಕ್ಕ ಕಲ್ಲಿನ ಹತ್ತಿರ ಹೋಗಿ ನೋಡಿ: ಲಾವಾ ತಣ್ಣಗಾಗುತ್ತ ಸೀಳಿದ ಕಂಬಗಳು ನಟ್ಟನಡುವಿನಿಂದ ಸುತ್ತಲೂ ಹರಡಿ, ಬಂಡಿಯ ಗಾಲಿಯ ಅರಗಳಂತೆ ನಿಂತಿವೆ. ಅಲ್ಲಿಂದ ಮೂರು ಕಿ.ಮೀ. ಆಸುಪಾಸಿಗೆ ಸೇಂಟ್ ಆಂಡ್ರೂಸ್‌ನ ಈಸ್ಟ್ ಸ್ಯಾಂಡ್ಸ್. ಆ ಊರಿಗೆ ರೈಲು ನಿಲ್ದಾಣವಿಲ್ಲ, ಇದ್ದದ್ದು 1969ರಲ್ಲಿ ಮುಚ್ಚಿತು. ಎಡಿನ್‌ಬರೋಗೆ ಅಂದೇ ಮರಳುವವರು ಬಸ್‌ ನಿಲ್ದಾಣಕ್ಕೆ ನಡೆದು, ಸುಮಾರು 8 ಕಿ.ಮೀ. ದೂರದ ಲೂಕರ್ಸ್ ನಿಲ್ದಾಣಕ್ಕೆ ಹೋಗುವ ಬಸ್ಸು ಹತ್ತಬೇಕು.