ಹಳ್ಳಿಯಲ್ಲಿ ಕೂತು ಓಪನ್ ಸೋರ್ಸ್ ಕೆಲಸ ಮಾಡೋಕೆ ನೆಟ್ ಸಾಕಾಗುತ್ತಾ?

ಬೆಂಗಳೂರು ಬಿಟ್ಟು ಮಲೆನಾಡಿನ ಊರಿಗೆ ಮರಳಿ ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್) ಕೆಲಸ ಮಾಡುವ ಯೋಚನೆಯಲ್ಲಿರುವವರು ಕೇಳುವ ಮೊದಲ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೊಂದು: ಎಷ್ಟು ಎಂಬಿಪಿಎಸ್ ಬೇಕು?

ವೇಗದ ಚಿಂತೆ ಬಿಡಿ. ಪ್ಯಾಚ್, ಅಂದರೆ ಕೋಡಿಗೆ ನೀವು ಕಳಿಸುವ ತಿದ್ದುಪಡಿ, ಕೆಲವು ಕೆಬಿಯ ಪಠ್ಯ, ಅದಕ್ಕೆ ಬರುವ ಉತ್ತರವೂ ಪಠ್ಯವೇ. 10 ಎಂಬಿಪಿಎಸ್ ಇದ್ದರೂ ಧಾರಾಳವಾಯಿತು. ಕೆಲಸ ಕೆಡುವುದು ನೆಟ್ ನಿಧಾನವಾಗಿದ್ದಾಗ ಅಲ್ಲ, ನಡುವೆ ಕಡಿದುಹೋದಾಗ. ನೆಟ್ಟಿಗಿಂತ ಮುಂಚೆ ಕೈಕೊಡುವುದು ಕರೆಂಟು.

ಕರೆಂಟಿನ ಲೆಕ್ಕ ಹೀಗೆ. ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟಿನ, 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿ. ಕಾಗದದ ಮೇಲೆ ಅದು 1800 ವ್ಯಾಟ್-ಅವರ್. ಸೀಸದ ಬ್ಯಾಟರಿಯನ್ನು ದಿನಾ ತಳ ಮುಟ್ಟಿಸಿದರೆ ಬೇಗ ಸಾಯುತ್ತದೆ, ಆದ್ದರಿಂದ ಅರ್ಧವನ್ನು ಮಾತ್ರ ನಂಬಿ: 900. ಅದರಲ್ಲಿ ಇನ್ವರ್ಟರೇ ತಿನ್ನುವ ಐದನೇ ಒಂದು ಪಾಲು ಕಳೆದರೆ ಉಳಿಯುವುದು 720. ಲ್ಯಾಪ್‌ಟಾಪಿಗೆ ಸರಾಸರಿ 40 ವ್ಯಾಟ್, ಫೈಬರ್ ಮೋಡೆಮ್‌ಗೆ 12, ಒಂದು ಎಲ್‌ಇಡಿ ಬಲ್ಬಿಗೆ 9, ಒಟ್ಟು ಅರವತ್ತರ ಆಸುಪಾಸು. ಹನ್ನೆರಡು ಗಂಟೆ ಬರುತ್ತದೆ. ಅದೇ ಲೈನಿಗೆ ಹಳೆಯ 75 ವ್ಯಾಟಿನ ಫ್ಯಾನು ಸೇರಿದರೆ ಐದೂಕಾಲು ಗಂಟೆಗೆ ಇಳಿಯುತ್ತದೆ. ಅದರ ಬದಲು ಕಡಿಮೆ ಕರೆಂಟು ತಿನ್ನುವ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಹಾಕಿದರೆ ಎಂಟು ಗಂಟೆ. ಎರಡನೇ ಬ್ಯಾಟರಿ ಕೊಳ್ಳುವ ಮುಂಚೆ ಫ್ಯಾನು ಬದಲಿಸಿ ಅಂತ ನಾನು ಹೇಳುವುದು ಇದಕ್ಕೇ. ಡೆಸ್ಕ್‌ಟಾಪ್ ತರುವ ಆಸೆ ಇದ್ದರೆ ಈ ಲೆಕ್ಕವನ್ನು ಮತ್ತೊಮ್ಮೆ ಹಾಕಿ ನೋಡಿ, ಆಸೆ ತಾನಾಗಿಯೇ ಇಳಿಯುತ್ತದೆ.

ಇನ್ನೊಂದು ವಿಷಯವನ್ನು ಅಂಗಡಿಯವರು ಹೇಳುವುದೇ ಇಲ್ಲ. ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್, ನಾರ್ಮಲ್ ಅಥವಾ ಇಕೋ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ. ಯುಪಿಎಸ್ ಮೋಡಿನಲ್ಲಿ ಕರೆಂಟು ಹೋದಾಗ ಬದಲಾವಣೆ ಬೇಗ ಆಗುತ್ತದೆ, ಮೋಡೆಮ್ ರೀಸ್ಟಾರ್ಟ್ ಆಗುವುದಿಲ್ಲ. ಅಂಗಡಿಯಲ್ಲಿ ಅದನ್ನೇ ಹಾಕಿಕೊಡುತ್ತಾರೆ. ಆದರೆ ಆ ಮೋಡ್ ಸಾಮಾನ್ಯವಾಗಿ 180 ವೋಲ್ಟಿಗಿಂತ ಕಡಿಮೆ ಬಂದ ಕರೆಂಟನ್ನು ಒಪ್ಪುವುದಿಲ್ಲ. ಬೇಸಿಗೆಯಲ್ಲಿ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವಾಗ ಲೈನಿನ ಕೊನೆಯ ಮನೆಗಳಿಗೆ 150-160 ವೋಲ್ಟ್ ಬರುವುದೂ ಉಂಟು. ಆಗ ಬಲ್ಬು ಉರಿಯುತ್ತಿದ್ದರೂ ಇನ್ವರ್ಟರ್ ಬ್ಯಾಟರಿಯಿಂದಲೇ ಎಳೆಯುತ್ತಿರುತ್ತದೆ, ಚಾರ್ಜೂ ಮಾಡುವುದಿಲ್ಲ. ಸಂಜೆ ನಿಜವಾಗಿ ಕರೆಂಟು ಹೋದಾಗ ಬ್ಯಾಟರಿ ಖಾಲಿ, ಬೈಗುಳ ಬ್ಯಾಟರಿ ಕಂಪನಿಗೆ. ಇನ್ವರ್ಟರನ್ನು ನಾರ್ಮಲ್ ಮೋಡಿನಲ್ಲಿಡಿ, ಮೋಡೆಮ್‌ಗೆ ಮಾತ್ರ 12 ವೋಲ್ಟಿನ ಪುಟ್ಟ ಡಿಸಿ ಯುಪಿಎಸ್ ಬೇರೆ ಹಾಕಿ. ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಇರುವುದರಿಂದ ಬದಲಾವಣೆಯ ಆ ಕ್ಷಣ ಅದಕ್ಕೆ ಲೆಕ್ಕವೇ ಅಲ್ಲ.

ಸಿಡಿಲಿನ ಕಾಲ ಜೂನ್-ಜುಲೈ ಅಲ್ಲ. ಆಗ ಮಳೆ ಹೆಚ್ಚು, ಗುಡುಗು ಕಡಿಮೆ. ಉಪಕರಣಗಳು ಸುಡುವುದು ಏಪ್ರಿಲ್-ಮೇ ತಿಂಗಳ ಸಂಜೆಗಳಲ್ಲಿ, ಮತ್ತೆ ಅಕ್ಟೋಬರಿನಲ್ಲಿ. ಮೀಟರ್ ಬೋರ್ಡಿನ ಎಂಸಿಬಿ ಸ್ವಿಚ್ ಇಳಿಸಿದರೆ ಸಾಕು ಅಂದುಕೊಳ್ಳಬೇಡಿ. ಒಂಟಿ ಪೋಲಿನ ಎಂಸಿಬಿ ಫೇಸ್ ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಹಾಗೇ ಇರುತ್ತದೆ. ಅಡಾಪ್ಟರಿನ ಪ್ಲಗ್ಗನ್ನೇ ಕೀಳಬೇಕು. ಫೈಬರ್ ಗಾಜಿನದು, ಅದರೊಳಗೆ ವಿದ್ಯುತ್ ಹರಿಯುವುದಿಲ್ಲ ಎನ್ನುವುದು ನಿಜ. ಆದರೆ ಕಂಬದಿಂದ ಮನೆಗೆ ಎಳೆಯುವ ಕೇಬಲ್‌ನಲ್ಲಿ ಗಾಜಿನ ಜೊತೆಗೆ ಆಧಾರಕ್ಕೆಂದು ಉಕ್ಕಿನ ತಂತಿ ಇರುತ್ತದೆ ಬಹಳ ಕಡೆ. ಆ ತಂತಿಯನ್ನು ಗೋಡೆಯ ಹೊರಗೇ ಕತ್ತರಿಸಿ, ಗಾಜಿನ ಎಳೆಯನ್ನಷ್ಟೇ ಒಳಗೆ ತರಿಸಿ. ಮನೆಯಿಂದ ತೋಟದ ಮನೆಗೆ ತಾಮ್ರದ ಲ್ಯಾನ್ ವೈರ್ ಎಳೆಯುವುದಂತೂ ಸಿಡಿಲಿಗೆ ದಾರಿ ತೋರಿಸಿದ ಹಾಗೆ. ಅಲ್ಲಿಗೆ ವೈಫೈ ಅಥವಾ ಫೈಬರೇ ಸರಿ.

ಫೈಬರ್ ಕೈಕೊಟ್ಟಾಗ ದೂರು ಕೊಡುವ ಮುಂಚೆ ಮೋಡೆಮ್ ನೋಡಿ. ಎಲ್‌ಒಎಸ್ ದೀಪ ಕೆಂಪಾಗಿದ್ದರೆ ಬೆಳಕೇ ಬರುತ್ತಿಲ್ಲ ಅಂತ, ಎಲ್ಲೋ ಕೊಂಬೆ ಬಿದ್ದಿದೆ. ಆ ಕೆಂಪು ದೀಪ ಇಲ್ಲದಿದ್ದರೂ ಆಗಾಗ ನೆಟ್ ಬಿಡುತ್ತಿದ್ದರೆ ಮೋಡೆಮ್‌ನ ಸೆಟ್ಟಿಂಗ್ಸ್ ಪುಟದಲ್ಲಿ ಆರ್‌ಎಕ್ಸ್ ಪವರ್, ಅಂದರೆ ಬಂದು ತಲುಪುವ ಬೆಳಕಿನ ಬಲ, ಎಷ್ಟಿದೆ ಓದಿ. ಮೈನಸ್ 20ರಿಂದ 24 ಡಿಬಿಎಂ ಇದ್ದರೆ ಚೆನ್ನ. ಮೈನಸ್ 27 ದಾಟಿತೆಂದರೆ ಸಂಪರ್ಕ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಕಾರಣ ಸಾಮಾನ್ಯವಾಗಿ ನೀರು ಹೊಕ್ಕ ಜಾಯಿಂಟ್, ಇಲ್ಲವೇ ಮೊಳೆಗೆ ಬಿಗಿಯಾಗಿ ಮಡಚಿ ಸುತ್ತಿದ ಕೇಬಲ್. ‘ನೆಟ್ ಸ್ಲೋ ಇದೆ’ ಅನ್ನುವ ಬದಲು ‘ಪವರ್ ಮೈನಸ್ 28 ತೋರಿಸ್ತಿದೆ, ಸ್ವಲ್ಪ ಜಾಯಿಂಟ್ ನೋಡ್ತೀರಾ’ ಅಂದರೆ ಲೈನಿನವರು ಬೇಗ ಬರುತ್ತಾರೆ. ಎಲ್ಲಿ ಹುಡುಕಬೇಕು ಅಂತ ಅವರಿಗೂ ಗೊತ್ತಾಗುತ್ತದಲ್ಲ.

ಈಗ ಕೆಲಸದ ವಿಷಯ. ಕೋಡಿನ ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್ ಹುಟ್ಟಿದ್ದು 2005ರಲ್ಲಿ, ಲಿನಕ್ಸ್‌ನ ತಿರುಳಾದ ಕರ್ನಲ್ ಕೆಲಸಕ್ಕಾಗಿ. ಇಡೀ ಇತಿಹಾಸ ನಿಮ್ಮ ಡಿಸ್ಕಿನಲ್ಲೇ ಇರುವುದರಿಂದ ಕಮಿಟ್ (ಬದಲಾವಣೆ ದಾಖಲಿಸುವುದು), ಬ್ರಾಂಚ್ (ಕವಲು ತೆಗೆಯುವುದು), ಲಾಗ್ (ಇತಿಹಾಸ ನೋಡುವುದು), ಬೈಸೆಕ್ಟ್ (ದೋಷ ಹೊಕ್ಕ ಬದಲಾವಣೆ ಹುಡುಕುವುದು) ಯಾವುದಕ್ಕೂ ನೆಟ್ ಬೇಡ. ತೊಂದರೆ ಇರುವುದು ಮೊದಲ ಕ್ಲೋನ್‌ನಲ್ಲಿ, ಅಂದರೆ ಇಡೀ ರೆಪೊವನ್ನು (ಕೋಡ್ ಭಂಡಾರವನ್ನು) ಇಳಿಸಿಕೊಳ್ಳುವಾಗ: ಅರ್ಧಕ್ಕೆ ಕಡಿದರೆ ಗಿಟ್ ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಹಲವು ಜಿಬಿಯ ಕರ್ನಲ್ ರೆಪೊವನ್ನು ಮಳೆಗಾಲದಲ್ಲಿ ಹೀಗೆ ಇಳಿಸಲು ಹೊರಟರೆ ರಾತ್ರಿಯೆಲ್ಲ ಕಳೆದರೂ ಮುಗಿಯುವ ಭರವಸೆಯಿಲ್ಲ. ಕರ್ನಲ್‌ನವರು ಇದಕ್ಕೆಂದೇ ತಮ್ಮ ತಾಣದಲ್ಲಿ ಇಡೀ ರೆಪೊವನ್ನು ಕಟ್ಟಿಟ್ಟ ಬಂಡಲ್ ಕಡತ ಇಟ್ಟಿದ್ದಾರೆ. ಅದು ಒಂದೇ ದೊಡ್ಡ ಕಡತವಾದ್ದರಿಂದ ಡೌನ್‌ಲೋಡ್ ಸಾಧನವಾದ ವಿಗೆಟ್‌ನ ‘ಕಂಟಿನ್ಯೂ’ ಆಯ್ಕೆಯಲ್ಲಿ ನಿಂತಲ್ಲಿಂದ ಮುಂದುವರಿಸಬಹುದು. ಇಳಿದ ಮೇಲೆ ಆ ಕಡತದಿಂದಲೇ ಕ್ಲೋನ್ ಮಾಡಿ, ರಿಮೋಟ್ (ಮೂಲ ಸರ್ವರಿನ) ವಿಳಾಸಕ್ಕೆ ಬದಲಿಸಿ, ಹೊಸದನ್ನಷ್ಟೇ ಫೆಚ್ ಮಾಡಿ ತರಿಸಿಕೊಂಡರಾಯಿತು. ಬಂಡಲ್ ಇಲ್ಲದ ಪ್ರಾಜೆಕ್ಟುಗಳಿಗೆ ‘ಡೆಪ್ತ್ 1’ ಹಾಕಿ ಕೊನೆಯ ಕಮಿಟ್ಟನ್ನಷ್ಟೇ ಕ್ಲೋನ್ ಮಾಡಿ, ಆಮೇಲೆ ಫೆಚ್‌ಗೆ ‘ಡೀಪನ್’ ಆಯ್ಕೆ ಕೊಟ್ಟು ಇತಿಹಾಸವನ್ನು ಕಂತು ಕಂತಾಗಿ ತನ್ನಿ. ಮುಗಿದ ಕಂತು ನಿಮ್ಮದಾಗಿ ಉಳಿಯುತ್ತದೆ.

ಬ್ಲಾಬ್‌ಗಳನ್ನು (ಕಡತಗಳ ಒಳಗಿನ ಮಾಹಿತಿಯನ್ನು) ಬಿಟ್ಟು ಇಳಿಸುವ ‘ಫಿಲ್ಟರ್’ ಕ್ಲೋನ್ ಅನ್ನು ಹಲವರು ಹಳ್ಳಿಯವರಿಗೆ ಶಿಫಾರಸು ಮಾಡುತ್ತಾರೆ. ನನ್ನ ಮಟ್ಟಿಗೆ ಅದು ತಪ್ಪು ಸಲಹೆ. ಇಳಿಯುವಾಗ ಹಗುರ ನಿಜ, ಆದರೆ ಹಳೆಯ ಕಡತ ಬೇಕಾದಾಗಲೆಲ್ಲ ಸರ್ವರಿಗೆ ಹೋಗುತ್ತದೆ. ನೆಟ್ ಇಲ್ಲದ ದಿನ ಯಾವ ಸಾಲನ್ನು ಯಾರು ಬರೆದರು ಅಂತ ತೋರಿಸುವ ‘ಬ್ಲೇಮ್’ ಆಜ್ಞೆ ಕೊಟ್ಟರೆ ಎರರ್ ಹೊಡೆದು ನಿಲ್ಲುತ್ತದೆ.

ದೂರದ ಸರ್ವರಿಗೆ ಲಾಗಿನ್ ಆಗಲು ಎಸ್‌ಎಸ್‌ಎಚ್ ಬದಲು ಮಾಶ್ ಬಳಸಿ, ಅದರೊಳಗೆ ಸರ್ವರಿನಲ್ಲಿ ಸೆಷನ್ ಉಳಿಸಿಡುವ ಟಿಮಕ್ಸ್. ಫೈಬರ್ ಹೋಗಿ ಮೊಬೈಲ್ ಹಾಟ್‌ಸ್ಪಾಟ್‌ಗೆ ಬದಲಾದರೂ ಮಾಶ್ ಅದೇ ಸೆಷನ್ನಿನಲ್ಲಿ ಮುಂದುವರಿಯುತ್ತದೆ. ಭಾರೀ ಕಂಪೈಲ್‌ಗಳನ್ನು (ಕೋಡನ್ನು ಓಡುವ ಪ್ರೋಗ್ರಾಂ ಆಗಿ ಕಟ್ಟುವುದನ್ನು) ಆ ಸರ್ವರಿಗೇ ಬಿಡಿ. ಮನೆಯಲ್ಲೇ ಕರ್ನಲ್ ಕಟ್ಟಬೇಕೆಂದರೆ ‘ಲೋಕಲ್‌ಮಾಡ್‌ಕಾನ್ಫಿಗ್’ ಓಡಿಸಿ. ಆ ಹೊತ್ತಿಗೆ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನಷ್ಟೇ (ಉಪಕರಣಗಳಿಗೆ ಬೇಕಾದ ಕರ್ನಲ್ ತುಣುಕುಗಳನ್ನಷ್ಟೇ) ಉಳಿಸಿಕೊಳ್ಳುವುದರಿಂದ ಸಮಯವೂ ಬ್ಯಾಟರಿಯೂ ಉಳಿಯುತ್ತವೆ. ಪೆನ್‌ಡ್ರೈವ್, ಯುಎಸ್‌ಬಿ ವೈಫೈ ಮುಂತಾದವನ್ನು ಅದಕ್ಕೂ ಮುಂಚೆ ಒಮ್ಮೆ ಚುಚ್ಚಿಡಿ, ಇಲ್ಲವಾದರೆ ಹೊಸ ಕರ್ನಲ್‌ಗೆ ಅವುಗಳ ಗುರುತೇ ಇರುವುದಿಲ್ಲ.

ಯಾವ ಪ್ರಾಜೆಕ್ಟು ಆರಿಸುತ್ತೀರಿ ಎನ್ನುವುದು ಮೋಡೆಮ್‌ಗಿಂತ ಮುಖ್ಯ. ಕರ್ನಲ್, ಪೋಸ್ಟ್‌ಗ್ರೆಸ್ (ಡೇಟಾಬೇಸ್), ಡೆಬಿಯನ್ (ಲಿನಕ್ಸ್ ಆವೃತ್ತಿ) ಇವೆಲ್ಲ ಇಮೇಲ್ ಮೂಲಕ ನಡೆಯುವ ಲೋಕಗಳು. ಮೇಲ್‌ಗಳನ್ನು ಎಂಬಿಸಿಂಕ್ ಎಂಬ ಪ್ರೋಗ್ರಾಂನಲ್ಲಿ ಡಿಸ್ಕಿಗೆ ಇಳಿಸಿಕೊಂಡು, ನೆಟ್ ಇಲ್ಲದಾಗ ಓದಿ, ಉತ್ತರ ಬರೆದು ಸಾಲಿನಲ್ಲಿಡಿ. ನೆಟ್ ಬಂದಾಗ ಹೋಗುತ್ತವೆ. ಪ್ಯಾಚನ್ನು ಗಿಟ್‌ನ ‘ಫಾರ್ಮ್ಯಾಟ್-ಪ್ಯಾಚ್’ನಲ್ಲಿ ತಯಾರಿಸಿ ‘ಸೆಂಡ್-ಇಮೇಲ್’ನಲ್ಲಿ ಕಳಿಸಿ. ಮೇಲ್ ಆ್ಯಪಿನೊಳಗೆ ಅಂಟಿಸಿದರೆ ಟ್ಯಾಬ್‌ಗಳು ಸ್ಪೇಸ್ ಆಗಿ ಪ್ಯಾಚ್ ಕೂರುವುದಿಲ್ಲ. ಕಳಿಸಿದ ಮೇಲೆ ಕನಿಷ್ಠ ಒಂದು ವಾರ ಉತ್ತರಕ್ಕೆ ಕಾಯುವುದು ಅಲ್ಲಿನ ರೂಢಿ, ಹಾಗಾಗಿ ಎರಡು ದಿನ ನೆಟ್ ಇಲ್ಲದಿದ್ದರೆ ಯಾರೂ ಕೇಳುವುದಿಲ್ಲ. ಗಿಟ್ ರೆಪೊಗಳನ್ನು ಇಡುವ ತಾಣವಾದ ಗಿಟ್‌ಹಬ್‌ನಲ್ಲೂ ಸೂಚನೆಯ ಮೇಲ್‌ಗೆ ಬರೆದ ಉತ್ತರ ಚರ್ಚೆಯಲ್ಲಿ ಸೇರಿಕೊಳ್ಳುತ್ತದೆ. ಸಾಫ್ಟ್‌ವೇರಿನ ಮಾತುಗಳನ್ನು ಕನ್ನಡಕ್ಕೆ ತರುವ ಪಿಒ ಕಡತಗಳಂತೂ ಇನ್ನೂ ಹಗುರ. ಇಳಿಸಿಕೊಂಡು ತೋಟದ ಮನೆಯಲ್ಲೇ ಕೂತು ಮುಗಿಸಬಹುದು. ದಿನಕ್ಕೆರಡು ವಿಡಿಯೊ ಕಾಲ್ ಕೇಳುವ, ಚಾಟ್‌ನಲ್ಲೇ ತೀರ್ಮಾನ ಮಾಡುವ ಪ್ರಾಜೆಕ್ಟು ಕಾಗದದಲ್ಲಿ ಎಷ್ಟೇ ‘ಓಪನ್’ ಆಗಿದ್ದರೂ ಮಲೆನಾಡಿನ ಮಳೆಗಾಲಕ್ಕೆ ಹೊಂದುವುದಿಲ್ಲ.

ಲಾಗಿನ್ ವಿಷಯದಲ್ಲಿ ಒಂದು ಎಚ್ಚರ. ಗಿಟ್‌ಹಬ್ ಕೋಡ್ ಕೊಡುವವರಿಗೆ 2023ರಿಂದ ಎರಡು ಹಂತದ ದೃಢೀಕರಣ ಕಡ್ಡಾಯ ಮಾಡುತ್ತಾ ಬಂದಿದೆ. ಅದಕ್ಕೆ ಎಸ್‌ಎಂಎಸ್ ಆರಿಸಬೇಡಿ. ಸಿಗ್ನಲ್ ಸಿಗಲು ಗುಡ್ಡ ಹತ್ತುವಷ್ಟರಲ್ಲಿ ಒಟಿಪಿ ಅವಧಿ ಮುಗಿದಿರುತ್ತದೆ. ಫೋನಿನಲ್ಲೇ ಸಂಖ್ಯೆ ಹುಟ್ಟಿಸುವ ಆ್ಯಪ್ ಸಾಕು, ಅದಕ್ಕೆ ಸಿಗ್ನಲ್ ಬೇಡ, ಗಡಿಯಾರ ಮಾತ್ರ ಸರಿಯಿರಬೇಕು. ರಿಕವರಿ ಕೋಡ್‌ಗಳನ್ನು ಕಾಗದದಲ್ಲಿ ಬರೆದಿಡಿ. ಬ್ಯಾಂಕಿನ ಎಸ್‌ಎಂಎಸ್ ಒಟಿಪಿಗೆ ಈ ದಾರಿ ಇಲ್ಲ. ವೈಫೈ ಕಾಲಿಂಗ್ ಇರುವ ಸಿಮ್ ಮತ್ತು ಫೋನು ಇದ್ದರೆ ಸಾಮಾನ್ಯವಾಗಿ ಫೈಬರ್ ಮೂಲಕವೇ ಬರುತ್ತದೆ.

ದುಡ್ಡಿನ ಬಗ್ಗೆ ಚುಟುಕಾಗಿ. ಬಳಕೆದಾರರು ಇಷ್ಟಪಟ್ಟು ಹಣ ಕೊಡುವ ‘ಸ್ಪಾನ್ಸರ್’ ಗುಂಡಿಯನ್ನು ನಂಬಿ ಕೆಲಸ ಬಿಡಬೇಡಿ. ಸಂಬಳ ಕೊಟ್ಟು ಓಪನ್ ಸೋರ್ಸ್ ಮಾಡಿಸುವ ಕಂಪನಿಯ ರಿಮೋಟ್ ಕೆಲಸವೇ ಭದ್ರ. ಸ್ವಂತ ಪ್ರಾಜೆಕ್ಟಿಗೆ ಬಳಕೆದಾರರಿದ್ದರೆ ಷೇರು ವಹಿವಾಟಿನ ಕಂಪನಿ ಜೆರೋಧಾ 2024ರಲ್ಲಿ ಶುರು ಮಾಡಿದ ಫ್ಲಾಸ್ ಫಂಡ್‌ಗೆ ಅರ್ಜಿ ಹಾಕಬಹುದು, ವರ್ಷಕ್ಕೆ ಒಟ್ಟು 10 ಲಕ್ಷ ಡಾಲರ್ ಅದರ ಗಾತ್ರ. ಹೊರದೇಶದ ಹಣ ಬಂದಾಗ ಬ್ಯಾಂಕು ಪರ್ಪಸ್ ಕೋಡ್ (ಹಣ ಯಾವ ಉದ್ದೇಶಕ್ಕೆ ಬಂತು ಎನ್ನುವ ಸಂಕೇತ) ಕೇಳುತ್ತದೆ; ಸಾಫ್ಟ್‌ವೇರ್ ಕನ್ಸಲ್ಟೆನ್ಸಿಗೆ ಅದು ಪಿ0802.

ಹೊತ್ತಿನ ಹೊಂದಾಣಿಕೆ ಹಳ್ಳಿಗೆ ಅನುಕೂಲಕರವೇ. ಜರ್ಮನಿಯ ಬೆಳಗಿನ ಹತ್ತು ಗಂಟೆ ಅಂದರೆ ನಮಗೆ ಬೇಸಿಗೆಯಲ್ಲಿ ಮಧ್ಯಾಹ್ನ 1:30, ಚಳಿಗಾಲದಲ್ಲಿ 2:30. ಬೆಳಗಿನ ಹೊತ್ತು ಪೂರ್ತಿ ತೋಟಕ್ಕೆ ಸಿಗುತ್ತದೆ. ಅಮೆರಿಕದ ಪಶ್ಚಿಮ ಕರಾವಳಿಯವರ ಜೊತೆ ಮಾತ್ರ ರಾತ್ರಿ ಒಂಬತ್ತೂವರೆಯ ಮೇಲೆ. ಹೊಂದದೇ ಇರುವುದು ಒಂದೇ, ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನ. ಜೂನಿನಲ್ಲಿ ಮೊದಲ ಸಲ, 40-45 ದಿನ ಬಿಟ್ಟು ಇನ್ನೊಂದು ಸಲ. ಮಳೆ ಹೊಳವಾದ (ಬಿಡುವು ಕೊಟ್ಟ) ದಿನವೇ ಅಡಿಕೆ ಮರ ಹತ್ತುವ ಕೊನೆಗಾರರು ಬರುತ್ತಾರೆ, ಅವರು ಕ್ಯಾಲೆಂಡರ್ ನೋಡುವುದಿಲ್ಲ. ಅವರು ಬಂದರೆಂದರೆ 100 ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣದ ಲೆಕ್ಕದಲ್ಲಿ ಬೋರ್ಡೋ ದ್ರಾವಣ ಕದಡುತ್ತಾ ನಿಲ್ಲಬೇಕು. ಅಂಥ ವಾರಗಳಲ್ಲಿ ಸಾಫ್ಟ್‌ವೇರಿನ ಹೊಸ ಆವೃತ್ತಿಯ ರಿಲೀಸ್ ಇಟ್ಟುಕೊಳ್ಳಬೇಡಿ. ರಿಲೀಸ್ ಸಹಿ ಮಾಡುವ ಅಧಿಕಾರ ಪ್ರಾಜೆಕ್ಟಿನ ಹೊಣೆ ಹೊತ್ತ ಇನ್ನೊಬ್ಬ ಮೇಂಟೇನರ್‌ಗೂ ಇರಲಿ, ಅದೂ ಬೇರೆ ಊರಿನವರಿಗೆ. ಒಂದೇ ಟ್ರಾನ್ಸ್‌ಫಾರ್ಮರಿನ ಕೆಳಗಿರುವ ಇಬ್ಬರು ಮೇಂಟೇನರ್‌ಗಳಿದ್ದು ಪ್ರಯೋಜನವಿಲ್ಲ.