ಆ ಒಂದು ಸಾಲು ಯಾಕಿದೆ?

2024 ಜುಲೈ 18, ಗುರುವಾರ

ಬೆಳಗ್ಗೆಯಿಂದ ಒಂದೇ ಸಾಲಿನ ಹಿಂದೆ ಬಿದ್ದಿದ್ದೆ. ನಮ್ಮ ಬಿಲ್ಲಿಂಗ್ ಕೋಡ್‌ನಲ್ಲಿ ಒಂದೊಂದು ಐಟಂನ ತೆರಿಗೆಯನ್ನೂ ಬೇರೆಬೇರೆಯಾಗಿ ರೌಂಡ್ ಮಾಡಿ, ಆಮೇಲೆ ಕೂಡಿಸುವ ಸಾಲು. ಕೊನೆಯಲ್ಲಿ ಒಂದೇ ಸಲ ರೌಂಡ್ ಮಾಡಿದರೆ ಸಾಕು ಅಲ್ವಾ? ಕೋಡ್‌ನ ಬದಲಾವಣೆಗಳ ಇತಿಹಾಸ ಇಡುವ ಸಾಧನ ಗಿಟ್. ಅಳಿಸುವ ಮೊದಲು, ಯಾವ ಸಾಲನ್ನು ಕೊನೆಗೆ ಯಾರು, ಯಾವಾಗ ಬದಲಿಸಿದರು ಅಂತ ತೋರಿಸುವ ಗಿಟ್ ಬ್ಲೇಮ್ ಹಾಕಿ ನೋಡಿದೆ. 2021ರ ಕಮಿಟ್, ಅಂದರೆ ಮೆಸೇಜ್ ಸಮೇತ ಗಿಟ್‌ನಲ್ಲಿ ದಾಖಲಾದ ಬದಲಾವಣೆ. ಮೆಸೇಜ್‌ನಲ್ಲಿ ಇದ್ದದ್ದು ಎರಡೇ ಪದ: 'ಬಗ್ ಫಿಕ್ಸ್'.

ಯಾವ ಬಗ್? ಬರೆದವರು ಕೆಲಸ ಬಿಟ್ಟು ಎರಡು ವರ್ಷವಾಗಿದೆ. ಆ ತಿಂಗಳು ಮುಚ್ಚಿದ ಟಿಕೆಟ್‌ಗಳನ್ನು (ಒಂದೊಂದು ಕೆಲಸ ಅಥವಾ ದೂರಿಗೆ ನಂಬರ್ ಹಾಕಿಟ್ಟ ದಾಖಲೆ) ಒಂದೊಂದಾಗಿ ತೆರೆದು ಓದುತ್ತಾ ಕೂತೆ. ಊಟದ ಹೊತ್ತಿಗೆ ಸಿಕ್ಕಿತು. ಒಬ್ಬ ಗ್ರಾಹಕರ ಲೆಕ್ಕದ ಸಾಫ್ಟ್‌ವೇರ್ ಐಟಂ ಲೆಕ್ಕದಲ್ಲೇ ರೌಂಡ್ ಮಾಡುತ್ತಿತ್ತು, ನಮ್ಮದು ಮಾಡುತ್ತಿರಲಿಲ್ಲ. ಪ್ರತಿ ಬಿಲ್ಲಿನಲ್ಲೂ ಒಂದೆರಡು ಪೈಸೆ ತಾಳೆಯಾಗುತ್ತಿರಲಿಲ್ಲ. ಅಂದರೆ ಆ ಸಾಲು ಇರಲೇಬೇಕು. ಕಮಿಟ್‌ನಲ್ಲಿ ಟಿಕೆಟ್ ನಂಬರ್ ಇದ್ದಿದ್ದರೆ ಎರಡು ನಿಮಿಷದ ಕೆಲಸ.

'ನಂಬರ್ ಹಾಕಿ' ಅಂತ ತಂಡಕ್ಕೆ ಎಷ್ಟು ಸಲ ಹೇಳಿದ್ದೇವೆ! ರಾತ್ರಿ ಹತ್ತಕ್ಕೆ ಅವಸರದಲ್ಲಿ ಕಮಿಟ್ ಮಾಡುವಾಗ ಯಾರಿಗೂ ನೆನಪಿರುವುದಿಲ್ಲ. ಆದರೆ ಬ್ರಾಂಚ್ (ಒಂದು ಕೆಲಸಕ್ಕೆಂದು ತೆಗೆದ ಕೋಡ್‌ನ ಕವಲು) ಹೆಸರಲ್ಲಿ ನಂಬರ್ ಆಗಲೇ ಇರುತ್ತದೆ: 'ಬಿಲ್-412-ತೆರಿಗೆ'. ಅದನ್ನೇ ಮತ್ತೆ ಕೈಯಲ್ಲಿ ಯಾಕೆ ಬರೆಯಬೇಕು?

ಮಧ್ಯಾಹ್ನ ಹುಕ್ ಬರೆದೆ, ಅಂದರೆ ಗಿಟ್ ತನ್ನ ಕೆಲಸದ ನಡುವೆ ತಾನಾಗಿ ಓಡಿಸುವ ಸ್ಕ್ರಿಪ್ಟ್. ಗಿಟ್‌ನಲ್ಲಿ ಪ್ರಿಪೇರ್-ಕಮಿಟ್-ಮೆಸೇಜ್ ಅಂತ ಒಂದು ಹುಕ್ ಇದೆ. ಎಡಿಟರ್ ತೆರೆಯುವ ಮುಂಚೆ ಅದು ಓಡುತ್ತದೆ, ಮೆಸೇಜ್ ಇರುವ ಫೈಲ್ ಅದರ ಕೈಗೆ ಸಿಗುತ್ತದೆ. ಬ್ರಾಂಚ್ ಹೆಸರಿಂದ ನಂಬರ್ ಹೆಕ್ಕಿ ಮೆಸೇಜ್‌ನ ಮೊದಲಿಗೆ ಅಂಟಿಸಿದೆ. ಹತ್ತು ಸಾಲು ಸ್ಕ್ರಿಪ್ಟ್. ಖುಷಿಯಾಯಿತು.

ಆಮೇಲೆ ಇನ್ನೊಂದು ರೆಪೊದಲ್ಲಿ (ಗಿಟ್‌ನ ಕೋಡ್ ಸಂಗ್ರಹ) ಹಾಕಿದೆ. ಅಲ್ಲಿ ಟಿಕೆಟ್ ಬದಲು ಗಿಟ್‌ಹಬ್ ತಾಣದ ಇಶ್ಯೂಗಳು, ನಂಬರ್ '#87' ಥರ. ಕಮಾಂಡ್‌ನಲ್ಲೇ ಮೆಸೇಜ್ ಕೊಟ್ಟರೆ ನಂಬರ್ ಬರುತ್ತದೆ, ಎಡಿಟರ್‌ನಲ್ಲಿ ಬರೆದು ಸೇವ್ ಮಾಡಿದರೆ ಆ ಸಾಲೇ ಮಾಯ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಎಡಿಟರ್‌ನಲ್ಲಿ ಬರೆದ ಮೆಸೇಜ್‌ನಲ್ಲಿ '#' ಇಂದ ಶುರುವಾಗುವ ಸಾಲನ್ನು ಗಿಟ್ ಕಾಮೆಂಟ್ ಅಂತ ತೆಗೆದುಬಿಡುತ್ತದೆ. ಮೊದಲಿಗೆ ಹಾಕುವುದನ್ನು ಬಿಟ್ಟು, ಕೊನೆಯಲ್ಲಿ 'ರೆಫ್ಸ್: #87' ಅಂತ ಟ್ರೇಲರ್ (ಮೆಸೇಜ್‌ನ ಕೊನೆಗೆ ಸೇರಿಸುವ ಮಾಹಿತಿ ಸಾಲು) ಮಾಡಿದೆ. ಇದಕ್ಕೆಂದೇ ಗಿಟ್‌ನಲ್ಲಿ ಇಂಟರ್‌ಪ್ರೆಟ್-ಟ್ರೇಲರ್ಸ್ ಕಮಾಂಡ್ ಇದೆ. ಆಗಲೇ ನಂಬರ್ ಇದ್ದರೆ ಸುಮ್ನೆ ಇರು ಅಂತಲೂ ಅದಕ್ಕೆ ಹೇಳಬಹುದು. ಹಾಗಾಗಿ ಅಮೆಂಡ್ ಮಾಡಿದಾಗ, ಅಂದರೆ ಕೊನೆಯ ಕಮಿಟ್ ತಿದ್ದಿದಾಗ, ಎರಡೆರಡು ಸಲ ಸೇರುವುದಿಲ್ಲ. ಮೊದಲ ಸಾಲೂ ಚೊಕ್ಕವಾಗಿ ಉಳಿಯಿತು. ನನಗೆ ಇದೇ ಜಾಸ್ತಿ ಇಷ್ಟವಾಯಿತು.

ಇನ್ನೊಂದು ತೊಡಕು. ಮುಂಚೆ ಏನೂ ಬರೆಯದೆ ಎಡಿಟರ್ ಮುಚ್ಚಿದರೆ ಕಮಿಟ್ ರದ್ದಾಗುತ್ತಿತ್ತು. ಈಗ ನಂಬರ್ ಇರುವುದರಿಂದ ಮೆಸೇಜ್ ಖಾಲಿ ಅಲ್ಲ, ಕಮಿಟ್ ಆಗಿಯೇಬಿಡುತ್ತದೆ. ನಂಬರ್ ಬಿಟ್ಟು ಬೇರೆ ಮಾತು ಇಲ್ಲದಿದ್ದರೆ ತಡೆಯಲು, ಮೆಸೇಜ್ ಬರೆದ ಮೇಲೆ ಓಡುವ ಕಮಿಟ್-ಮೆಸೇಜ್ ಹುಕ್‌ನಲ್ಲಿ ಒಂದು ಪರೀಕ್ಷೆ ಸೇರಿಸಿದೆ. ರೀಬೇಸ್ (ಕಮಿಟ್‌ಗಳನ್ನು ಬೇರೆ ಕಮಿಟ್ ಮೇಲೆ ಮತ್ತೆ ಜೋಡಿಸುವುದು) ನಡುವೆ ಬ್ರಾಂಚ್ ಹೆಸರು ಸಿಗುವುದಿಲ್ಲ, ಆಗ ಏನೂ ಮಾಡದೆ ಹೊರಬರಲಿ. ಬ್ರಾಂಚ್‌ಗಳನ್ನು ಕೂಡಿಸುವ ಮರ್ಜ್ ಕಮಿಟ್‌ಗೂ ಹಾಗೆಯೇ.

ಹುಕ್‌ಗಳು ಕ್ಲೋನ್ (ರೆಪೊದ ನಕಲು) ಜೊತೆ ಬರುವುದಿಲ್ಲ. ಅದಕ್ಕೆ ಅವನ್ನು ರೆಪೊ ಒಳಗೇ ಒಂದು ಫೋಲ್ಡರ್‌ನಲ್ಲಿಟ್ಟೆ. ಕೋರ್-ಹುಕ್ಸ್‌ಪಾತ್ ಸೆಟ್ಟಿಂಗ್ ಆ ಕಡೆ ತಿರುಗಿಸಿದರೆ ಆಯಿತು. 2016ರ ಗಿಟ್ 2.9ರಿಂದ ಈ ಸೌಲಭ್ಯ ಇದೆ. ಪ್ರತಿಯೊಬ್ಬರೂ ಒಮ್ಮೆ ಒಂದು ಕಮಾಂಡ್ ಓಡಿಸಬೇಕು. ಸಂಜೆ ಆರರೊಳಗೆ ನಾಲ್ವರ ಮಷೀನ್‌ನಲ್ಲಿ ಹಾಕಿಸಿದೆ.

2021ರ ಆ ಕಮಿಟ್‌ನ ಮೆಸೇಜ್ ಈಗ ಬದಲಿಸಲು ಆಗದು. ಬದಲಿಸಿದರೆ ಅದರ ನಂತರದ ಎಲ್ಲ ಕಮಿಟ್‌ಗಳ ಹ್ಯಾಶ್ (ಗುರುತಿನ ಸಂಖ್ಯೆ) ಕೂಡ ಬದಲಾಗುತ್ತದೆ. ಹಾಗಾಗಿ ಆ ಸಾಲಿನ ಮೇಲೆ, ಗ್ರಾಹಕರ ಲೆಕ್ಕಕ್ಕೆ ತಾಳೆಯಾಗಲೆಂದು ಹೀಗೆ ಮಾಡಿದೆ ಅಂತ ಒಂದು ಕಾಮೆಂಟ್ ಬರೆದೆ, ಹಳೆಯ ಟಿಕೆಟ್ ನಂಬರ್ ಸಮೇತ. ಕಮಿಟ್ ಮಾಡಿ ಲಾಗ್ ನೋಡಿದೆ. ಕೊನೆಯಲ್ಲಿ, ನಾನು ಬರೆಯದೆಯೇ, 'ರೆಫ್ಸ್: ಬಿಲ್-412' ಇತ್ತು.