ನನ್ನ ಸಂಬಳ ನಿಮಗೆ ಬಂತಾ?

ಸೋಮವಾರ ನಮ್ಮ ಆಫೀಸಿನ ಸಹೋದ್ಯೋಗಿಯೊಬ್ಬರು ಕೆಲಸಕ್ಕೆ ವಾಪಸ್ ಬಂದರು. ಹೆರಿಗೆ ರಜೆ ಮುಗಿದ ಮೇಲೆ ಸಂಬಳವಿಲ್ಲದ ರಜೆ ಎಂಟು ತಿಂಗಳು. ಎಲ್ಲರೂ ಮಗುವಿನ ಫೋಟೊ ನೋಡಿ ಮುಗಿಸಿದರು. ನಾನೂ ಸುಮ್ನೆ ಇರಬಹುದಿತ್ತು. "ನಿಮ್ಮ ಕೆಲಸವೆಲ್ಲ ನನ್ನ ತಲೆ ಮೇಲೇ ಬಿದ್ದಿತ್ತು ನೋಡಿ" ಎಂದುಬಿಟ್ಟೆ. ನಗುತ್ತಲೇ ಹೇಳಿದೆ, ಆದರೆ ಒಳಗಿದ್ದದ್ದು ಎಂಟು ತಿಂಗಳ ಸಿಟ್ಟು.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. ನಿಜಕ್ಕೂ ಗೊತ್ತಿಲ್ಲದವರ ಹಾಗೆ ಕೇಳಿದರು.

"ಹೌದಾ? ಹಾಗಾದ್ರೆ ನನ್ನ ಸಂಬಳ ನಿಮಗೆ ಬಂತಾ?"

ನಾನು ಮಾತು ಬದಲಿಸಿದೆ.

ಅವತ್ತಿನಿಂದ ಹಲ್ಲುಜ್ಜುವಾಗಲೂ ಇದೇ ಪ್ರಶ್ನೆ. ಎಂಟು ತಿಂಗಳು ಒಬ್ಬರ ಸಂಬಳ ಉಳಿಯಿತು. ಕೆಲಸ ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ತಿಂಗಳ ಕೊನೆಯ ಲೆಕ್ಕ ನನಗೆ, ಗ್ರಾಹಕರ ಫೋನು ಇನ್ನೊಬ್ಬರಿಗೆ, ಉಳಿದ ಚಿಲ್ಲರೆ ಕೆಲಸ ಹೊಸ ಹುಡುಗನಿಗೆ. ಬದಲಿಗೆ ಯಾರನ್ನಾದರೂ ತಗೊಳ್ಳಿ ಎಂದರೆ ಮ್ಯಾನೇಜರ್, "ಸ್ವಲ್ಪ ದಿನ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದಿದ್ದರು. ಕೆಟ್ಟವರೇನಲ್ಲ. ಆದರೆ 'ಸ್ವಲ್ಪ ದಿನ'ವನ್ನು ಅಷ್ಟು ಉದ್ದ ಎಳೆಯುವವರನ್ನು ನಾನು ಬೇರೆ ಕಂಡಿಲ್ಲ.

ಇಷ್ಟಾದರೂ ನಾನು ಸಿಟ್ಟಾಗಿದ್ದು ಮ್ಯಾನೇಜರ್ ಮೇಲಲ್ಲ. ರಾತ್ರಿ ಎಂಟಾದರೂ ಎದ್ದೇಳಲಾಗದೆ ಕೂತಾಗ ಬೈದುಕೊಂಡಿದ್ದು ಈ ತಾಯಿಯನ್ನು. ಮನೆಯಲ್ಲಿ ಆರಾಮಾಗಿದ್ದಾರೆ ಎಂದು. ಎಳೆ ಮಗು ಇರುವ ಮನೆಯಲ್ಲಿ ಎಂಥ ಆರಾಮ? ಅದೂ ಅಲ್ಲದೆ, ನಾವು ಅವರನ್ನು ಬಿಟ್ಟಿದ್ದೆವಾ? ಆ ಫೈಲ್ ಎಲ್ಲಿದೆ, ಪಾಸ್‌ವರ್ಡ್ ಏನು ಎಂದು ವಾರಕ್ಕೆರಡು ಸಲ ಫೋನು. ಒಮ್ಮೆ ಮಗು ಜೋರಾಗಿ ಅಳುತ್ತಿತ್ತು, ಅವರು ಫೋಲ್ಡರ್ ಹೆಸರು ಹೇಳುತ್ತಿದ್ದರು. "ಸರಿಯಾಗಿ ಕೇಳಿಸ್ತಿಲ್ಲ, ಇನ್ನೊಮ್ಮೆ ಹೇಳಿ" ಎಂದಿದ್ದೆ ನಾನು. ಆ ಫೋನುಗಳಿಗೆ ಅವರಿಗಾದರೂ ಯಾರು ದುಡ್ಡು ಕೊಟ್ಟರು?

ಬೇರೆ ಕಡೆ ಹೇಗೆ ಎಂದು ಓದುತ್ತಾ ಕೂತೆ. ಆಸ್ಟ್ರೇಲಿಯಾದಲ್ಲಿ ಒಂದೇ ಕಡೆ ವರ್ಷ ಕೆಲಸ ಮಾಡಿದವರಿಗೆ, ತಾಯಿಯಾಗಲಿ ತಂದೆಯಾಗಲಿ, 12 ತಿಂಗಳ ಸಂಬಳವಿಲ್ಲದ ರಜೆಯ ಹಕ್ಕಿದೆ. ಇನ್ನೂ 12 ತಿಂಗಳು ಬೇಕೆಂದು ಕೇಳಬಹುದು. ನಡುವೆ 10 ದಿನದವರೆಗೆ ಬಂದು ಕೆಲಸ ಮಾಡಬಹುದು, ಆ ದಿನಗಳಿಗೆ ಸಂಬಳ ಉಂಟು. ಬದಲಿಗೆ ಸೇರುವವರಿಗೆ ಇದು ತಾತ್ಕಾಲಿಕ, ರಜೆಯಲ್ಲಿರುವವರು ವಾಪಸ್ ಬರುತ್ತಾರೆ ಎಂದು ಮೊದಲೇ ತಿಳಿಸಬೇಕು. ಕಾನೂನಿದ್ದ ಮಾತ್ರಕ್ಕೆ ಎಲ್ಲ ಆಫೀಸೂ ಬದಲಿ ಜನ ತಗೊಳ್ಳುತ್ತವೆ ಎಂದೇನಲ್ಲ. ಆದರೂ ಬದಲಿ ಎನ್ನುವ ಒಬ್ಬ ಮನುಷ್ಯ ಅಲ್ಲಿ ಕಾಗದದ ಮೇಲಾದರೂ ಇದ್ದಾನಲ್ಲ. ನಮ್ಮಲ್ಲಿ ಅವನು ನಾನೇ.

ನಿನ್ನೆ ಇನ್ನೊಬ್ಬ ಸಹೋದ್ಯೋಗಿ ಮಗು ಹುಟ್ಟಿದ ಮೇಲೆ ಎರಡು ತಿಂಗಳು ಸಂಬಳವಿಲ್ಲದ ರಜೆ ಬೇಕೆಂದು ಬರೆದುಕೊಟ್ಟಿದ್ದಾನೆ. ಸಂಜೆ ಮ್ಯಾನೇಜರ್ ನನ್ನ ಟೇಬಲ್ ಹತ್ತಿರ ಬಂದು ನಿಂತರು. "ಸ್ವಲ್ಪ ದಿನ..." ಎಂದು ಶುರು ಮಾಡಿದರು. ಅವನ ಸಂಬಳ ಯಾರಿಗೆ ಹೋಗುತ್ತೆ ಎಂದು ಕೇಳಲು ಬಾಯಿ ತೆರೆದೆ. ಎದುರಿನ ಸೀಟಿನಿಂದ ಆ ತಾಯಿ ನನ್ನನ್ನೇ ನೋಡುತ್ತಿದ್ದರು.

"ನೋಡೋಣ ಸಾರ್" ಎಂದೆ.